ನೇರ ಪ್ರಸಾರದ ಬಿಲ್ಲು: ಮೀಟರು ಯಾವಾಗ ಓಡುತ್ತದೆ?

ಯಕ್ಷಗಾನ, ರಥೋತ್ಸವ, ಸಂಗೀತ ಕಛೇರಿಗಳನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸುವ ಸಂಘಗಳು ಈಗ ಊರೂರಲ್ಲೂ ಇವೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಂತಹ ಪ್ರಸಾರಕ್ಕೆ ಕ್ಲೌಡ್ ಸೇವೆಗಳು (ಅಂತರ್ಜಾಲದ ಮೂಲಕ ತಮ್ಮ ಯಂತ್ರಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು) ಕಳುಹಿಸುವ ಬಿಲ್ಲಿನ ಕುರಿತಾಗಿಯೇ ಇದ್ದುದರಿಂದ ಅವುಗಳಿಗೆಲ್ಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಉತ್ತರಗಳಲ್ಲಿ ರೂಪಾಯಿಯಲ್ಲಿ ಕೊಟ್ಟಿರುವ ದರಗಳೆಲ್ಲ ಲೆಕ್ಕ ತೋರಿಸುವುದಕ್ಕಾಗಿ ನಾನು ಇಟ್ಟುಕೊಂಡವು. ಅವು ಯಾವ ಸಂಸ್ಥೆಯ ದರಪಟ್ಟಿಯೂ ಅಲ್ಲ.

ಪ್ರಶ್ನೆ: ನಮ್ಮ ಸಂಘದಿಂದ ಶನಿವಾರ ರಾತ್ರಿ ಒಂಬತ್ತರಿಂದ ಭಾನುವಾರ ಬೆಳಗಿನ ಆರರವರೆಗೆ ಯಕ್ಷಗಾನದ ನೇರ ಪ್ರಸಾರ ಮಾಡಿದೆವು. ಮಂಗಳ ಮುಗಿದ ಕೂಡಲೇ ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವನ್ನೂ ಬಂದ್ ಮಾಡಿ ಮನೆಗೆ ಹೋದೆವು. ಆದರೆ ಬಿಲ್ಲಿನಲ್ಲಿ ಒಂಬತ್ತು ಗಂಟೆಗೆ ಬದಲಾಗಿ ಅರವತ್ತು ಗಂಟೆಯ ಟ್ರಾನ್ಸ್‌ಕೋಡಿಂಗ್ ಎಂದು ಬಂದಿದೆ. ನಾವು ಏನನ್ನೂ ಕಳುಹಿಸದೆ ಇದ್ದಾಗ, ನೋಡುವವರು ಒಬ್ಬರೂ ಇಲ್ಲದಿದ್ದಾಗ, ಹಣ ಕೇಳುವುದು ಯಾವ ನ್ಯಾಯ?
ಓದುಗರು, ಕುಂದಾಪುರ ತಾಲ್ಲೂಕು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನು ಮೊದಲು ಕೆಲಸ ಮಾಡುತ್ತಿದ್ದ ತಂಡದಲ್ಲೂ ಒಂದು ಪ್ರಾಯೋಗಿಕ ಪ್ರಸಾರದ ಚಾನೆಲನ್ನು (ಒಂದು ಪ್ರಸಾರಕ್ಕೆಂದು ಕ್ಲೌಡಿನಲ್ಲಿ ಕಾದಿರಿಸಿದ ವ್ಯವಸ್ಥೆಯನ್ನು) ಶುಕ್ರವಾರ ಸಂಜೆ ನಿಲ್ಲಿಸಲು ಮರೆತು, ಸೋಮವಾರ ಬೆಳಿಗ್ಗೆ ಬಿಲ್ಲಿನ ಪುಟ ತೆರೆದಾಗಲೇ ಅದು ನಮ್ಮ ಗಮನಕ್ಕೆ ಬಂದಿತ್ತು. ಇಷ್ಟಾದರೂ ಹೇಳಲೇಬೇಕಾದ ಮಾತೆಂದರೆ, ಈ ಸೇವೆಗಳಲ್ಲಿ ಬಹುಪಾಲು ನೀವು ಕಳುಹಿಸಿದ ವಿಡಿಯೊವನ್ನು ಅಳೆದು ಹಣ ಕೇಳುವುದಿಲ್ಲ. ನಿಮಗಾಗಿ ಯಂತ್ರವನ್ನು ಕಾದಿರಿಸಿದ ಹೊತ್ತನ್ನು ಅಳೆದು ಕೇಳುತ್ತವೆ.

ಮೊದಲು ಟ್ರಾನ್ಸ್‌ಕೋಡಿಂಗ್ ಎಂದರೇನು ಎಂಬುದನ್ನು ನೋಡೋಣ. ನಿಮ್ಮ ಲ್ಯಾಪ್‌ಟಾಪಿನಿಂದ ಹೊರಡುವುದು ಒಂದೇ ವಿಡಿಯೊ ಪ್ರವಾಹ, ಸೆಕೆಂಡಿಗೆ ಸುಮಾರು 6 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಫೈಬರ್ ಸಂಪರ್ಕವಿರುವ ಮನೆಗೆ ಅದು ಹಾಗೆಯೇ ಸಲ್ಲುತ್ತದೆ. ಘಟ್ಟದ ಮೇಲೆ ಒಂದೇ ಗೆರೆಯ ಸಿಗ್ನಲ್ ಹಿಡಿದು ಫೋನಿನಲ್ಲಿ ನೋಡುವವರಿಗೆ ಅದೇ ಪ್ರವಾಹ ಕಳುಹಿಸಿದರೆ ವೇಷ ರಂಗಕ್ಕೆ ಬರುವ ಮೊದಲೇ ಚಿತ್ರ ನಿಂತುಬಿಡುತ್ತದೆ. ಆದ್ದರಿಂದ ಕ್ಲೌಡಿನಲ್ಲಿರುವ ಯಂತ್ರವು ಬಂದ ಚಿತ್ರವನ್ನು ಬಿಡಿಸಿ, 1080, 720, 480, 360 ಎಂಬ ಬೇರೆ ಬೇರೆ ದರ್ಜೆಗಳಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ) ಮತ್ತೆ ಮತ್ತೆ ಕಟ್ಟಿ, ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ಮಾಡಿ ಇಡುತ್ತದೆ. ನೋಡುವವರ ಫೋನು ತನಗೆ ತಾಳುವ ದರ್ಜೆಯನ್ನು ಆಯ್ದುಕೊಳ್ಳುತ್ತದೆ.

ಈಗಾಗಲೇ ಚಿತ್ರೀಕರಿಸಿಟ್ಟ ಕಡತವಾದರೆ ಈ ಕೆಲಸವನ್ನು ಸರದಿಯಲ್ಲಿಟ್ಟು, ಯಂತ್ರ ಬಿಡುವಾದಾಗ ಮಾಡಬಹುದು. ಅಲ್ಲಿ ಬಿಲ್ಲು ಕಡತದ ಅವಧಿಯ ಮೇಲೆ ಬರುತ್ತದೆ. ನೇರ ಪ್ರಸಾರಕ್ಕೆ ಆ ಅನುಕೂಲವಿಲ್ಲ. ಮುಂದಿನ ಚೌಕಟ್ಟು, ಅಂದರೆ ವಿಡಿಯೊದ ಮುಂದಿನ ಸ್ಥಿರಚಿತ್ರ, ಯಾವ ಕ್ಷಣದಲ್ಲಿ ಬರುತ್ತದೆಯೋ ಆ ಕ್ಷಣದಲ್ಲೇ ಅದನ್ನು ಹಿಡಿಯಲು ಯಂತ್ರ ಸಿದ್ಧವಾಗಿ ನಿಂತಿರಬೇಕು. ನಡುವೆ ಐದು ನಿಮಿಷ ನಿಮ್ಮ ಇಂಟರ್‌ನೆಟ್ ಕಡಿದುಹೋದರೂ ಅದು ಬೇರೆಯವರ ಕೆಲಸಕ್ಕೆ ಹೋಗುವಂತಿಲ್ಲ. ಮದುವೆ ದಿಬ್ಬಣಕ್ಕೆ ಗೊತ್ತು ಮಾಡಿದ ಬಸ್ಸು ಹೀಗೆಯೇ: ಛತ್ರದ ಮುಂದೆ ಖಾಲಿ ನಿಂತಿದ್ದರೂ ಬಾಡಿಗೆ ಬಾಡಿಗೆಯೇ. ಬಸ್ಸನ್ನು ಬಿಟ್ಟುಕೊಟ್ಟೆವು ಎಂದು ಚಾಲಕನಿಗೆ ಹೇಳುವವರೆಗೂ ಅದು ನಿಮ್ಮದೇ ಲೆಕ್ಕದಲ್ಲಿರುತ್ತದೆ.

ನೀವು ಲ್ಯಾಪ್‌ಟಾಪ್ ಮುಚ್ಚಿದ್ದು ದಿಬ್ಬಣದವರೆಲ್ಲ ಬಸ್ಸಿನಿಂದ ಇಳಿದು ಹೋದಂತೆ ಆಯಿತು, ಅಷ್ಟೆ. ಕ್ಲೌಡ್ ಸೇವೆಯ ನಿರ್ವಹಣಾ ಪುಟದಲ್ಲಿ ಚಾನೆಲ್ಲಿನ ಎದುರು ಇರುವ ‘ಸ್ಟಾಪ್’ ಗುಂಡಿಯನ್ನು ಯಾರೂ ಒತ್ತಲಿಲ್ಲ. ಶನಿವಾರ ರಾತ್ರಿ ಒಂಬತ್ತರಿಂದ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅರವತ್ತು ಗಂಟೆ. ಬಹುಶಃ ಮಂಗಳವಾರ ಬೆಳಿಗ್ಗೆ ನಿಮ್ಮಲ್ಲಿ ಯಾರೋ ಅದನ್ನು ಕಂಡು ನಿಲ್ಲಿಸಿರಬೇಕು. ಒಳಬರುವ ಪ್ರವಾಹಕ್ಕೆ ಗಂಟೆಗೆ 20 ರೂಪಾಯಿ, ಎರಡು ಎಚ್‌ಡಿ ದರ್ಜೆಗಳಿಗೆ (1080, 720) ತಲಾ 60, ಎರಡು ಎಸ್‌ಡಿ ದರ್ಜೆಗಳಿಗೆ (480, 360) ತಲಾ 30 ಎಂದಿಟ್ಟುಕೊಂಡರೆ ಗಂಟೆಗೆ ಒಟ್ಟು 200 ರೂಪಾಯಿ. ಒಂಬತ್ತು ಗಂಟೆಯ ಆಟಕ್ಕೆ 1,800 ಆಗಬೇಕಿತ್ತು. ಅರವತ್ತು ಗಂಟೆಗೆ 12,000 ಆಯಿತು. ಅಂದರೆ 10,200 ರೂಪಾಯಿ ಖಾಲಿ ಬಸ್ಸಿನ ಬಾಡಿಗೆ.

ಹೆಸರಾಂತ ಸೇವೆಗಳಲ್ಲೂ ಇದೇ ಕ್ರಮವಿದೆ. ಅಮೆಜಾನಿನ ಎಲಿಮೆಂಟಲ್ ಮೀಡಿಯಾಲೈವ್‌ನಲ್ಲಿ ಚಾನೆಲ್ ‘ರನ್ನಿಂಗ್’ ಸ್ಥಿತಿಯಲ್ಲಿರುವಷ್ಟೂ ಹೊತ್ತು ಒಳಬರುವ ಪ್ರವಾಹಕ್ಕೊಂದು, ಪ್ರತಿಯೊಂದು ಔಟ್‌ಪುಟ್ಟಿಗೊಂದು (ಕಟ್ಟಿ ಹೊರಬಿಡುವ ದರ್ಜೆಗೊಂದು) ಎಂದು ಪ್ರತ್ಯೇಕವಾಗಿ ಶುಲ್ಕ ಸೇರುತ್ತದೆ. ನಿಲ್ಲಿಸಿದ ಮೇಲೂ ಚಾನೆಲನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡರೆ ಅತ್ಯಲ್ಪ ಮೊತ್ತವೊಂದು ಗಂಟೆಗಂಟೆಗೂ ಬೀಳುತ್ತಿರುತ್ತದೆ. 2024ರ ಜೂನ್ 30ರಂದು ಮುಚ್ಚಿಹೋದ ಮೈಕ್ರೋಸಾಫ್ಟಿನ ಅಜೂರ್ ಮೀಡಿಯಾ ಸರ್ವಿಸಸ್ಸಿನಲ್ಲೂ ಪ್ರಸಾರವನ್ನು ಚಾಲೂ ಮಾಡಿದ ಮೇಲೆ ವಿಡಿಯೊ ಬರಲಿ, ಬಾರದಿರಲಿ ಲೆಕ್ಕ ಓಡುತ್ತಿತ್ತು. ನಿಯಮದಲ್ಲಿ ಮುಚ್ಚುಮರೆಯಿಲ್ಲ, ಆದರೆ ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗಿನ ಜಾವ ಕೇಬಲ್ ಸುತ್ತುತ್ತಿರುವವರಿಗೆ ಅದು ನೆನಪಾಗುವಂತೆ ಪರದೆಯಲ್ಲಿ ದೊಡ್ಡದಾಗಿ ಹೇಳುವ ಸೌಜನ್ಯವನ್ನು ಈ ಸೇವೆಗಳು ಇನ್ನೂ ಕಲಿಯಬೇಕಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಮಾಡಬೇಕಾದದ್ದು ಎರಡು. ಸೇವೆಯ ಗ್ರಾಹಕ ವಿಭಾಗಕ್ಕೆ ನಡೆದದ್ದನ್ನು ಇದ್ದಂತೆ ಬರೆದು, ಒಳಬರುವ ಪ್ರವಾಹ ಭಾನುವಾರ ಬೆಳಿಗ್ಗೆಯೇ ನಿಂತಿತ್ತೆಂಬ ದಾಖಲೆಯನ್ನು ಲಗತ್ತಿಸಿ ರಿಯಾಯಿತಿ ಕೇಳಿ. ಅದು ನಿಮ್ಮ ಹಕ್ಕಲ್ಲವಾದರೂ ಕೇಳುವುದರಲ್ಲಿ ತಪ್ಪಿಲ್ಲ. ಮುಂದಿನ ಆಟಕ್ಕೆ ಮುನ್ನ ಚಾನೆಲ್ ತಾನಾಗಿ ನಿಲ್ಲುವ ಸಮಯವನ್ನು ನಿಗದಿಪಡಿಸಿ. ಹಾಗೆ ನಿಗದಿಪಡಿಸಲು ಬಾರದಿದ್ದರೆ ಮಂಗಳವಾದ ಮೇಲೆ ಚಾನೆಲ್ ನಿಲ್ಲಿಸುವ ಹೊಣೆಯನ್ನು ಮೈದಾನದಲ್ಲಿ ಇಲ್ಲದ, ಮನೆಯಲ್ಲಿ ಮಲಗಿ ಎದ್ದಿರುವ ಒಬ್ಬರಿಗೆ ವಹಿಸಿ. ಇಷ್ಟು ಹಣ ಮೀರಿದರೆ ತಿಳಿಸು ಎಂದು ಇಡುವ ಬಜೆಟ್ ಎಚ್ಚರಿಕೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದು ತಡವಾಗಿ ಬರುವ ಒಂದು ಮಿಂಚಂಚೆ. ಚಾನೆಲನ್ನು ಅದು ತಾನಾಗಿ ನಿಲ್ಲಿಸುವುದಿಲ್ಲ.

ಪ್ರಶ್ನೆ: ಕಳೆದ ವರ್ಷ ನಮ್ಮ ಪ್ರಸಾರವನ್ನು ನಾನೂರು ಮಂದಿ ನೋಡಿದ್ದರು. ಈ ವರ್ಷ ನಾಲ್ಕು ಸಾವಿರ ಮಂದಿ ನೋಡಬಹುದೆಂಬ ನಿರೀಕ್ಷೆಯಿದೆ. ಟ್ರಾನ್ಸ್‌ಕೋಡಿಂಗಿನ ಖರ್ಚು ಹತ್ತು ಪಟ್ಟಾಗುತ್ತದೆಯೇ?
ಓದುಗರು, ಶಿರಸಿ

ಉತ್ತರ: ಇಲ್ಲ. ನಾಲ್ಕು ದರ್ಜೆಗಳನ್ನು ಕಟ್ಟುವ ಕೆಲಸ ನಾನೂರು ಜನರಿಗೂ ಅಷ್ಟೆ, ನಾಲ್ಕು ಸಾವಿರ ಜನರಿಗೂ ಅಷ್ಟೆ. ಹತ್ತು ಪಟ್ಟಾಗುವುದು ವಿತರಣೆಯ, ಅಂದರೆ ಕಟ್ಟಿದ ವಿಡಿಯೊವನ್ನು ನೋಡುವವರಿಗೆ ತಲುಪಿಸುವ, ಖರ್ಚು. ಹೆಚ್ಚಿನ ಸೇವೆಗಳಲ್ಲಿ ಇದು ಬೇರೆಯದೇ ಸಾಲಿನಲ್ಲಿ, ಕೆಲವೊಮ್ಮೆ ಬೇರೆಯದೇ ಬಿಲ್ಲಿನಲ್ಲಿ ಬರುತ್ತದೆ. ದರಪಟ್ಟಿ ನೋಡುವಾಗ ಟ್ರಾನ್ಸ್‌ಕೋಡಿಂಗಿನ ಪುಟವನ್ನಷ್ಟೇ ಓದಿ ಲೆಕ್ಕ ಹಾಕಿದವರು ಎಡವುವುದು ಇಲ್ಲಿಯೇ.

ವಿತರಣೆಯ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಒಂದು ಗಂಟೆ ನೋಡಿದರೆ 450 ಮೆಗಾಬೈಟ್ ಆಗುತ್ತದೆ, ಏಕೆಂದರೆ 3,600 ಸೆಕೆಂಡುಗಳನ್ನು ಎಂಟರಿಂದ ಭಾಗಿಸಿದರೆ ಬರುವುದು ಅಷ್ಟೇ. ಜನ ಸರಾಸರಿ 2 ಮೆಗಾಬಿಟ್ಟಿನ ದರ್ಜೆಯಲ್ಲಿ ನೋಡಿದರೆ ಗಂಟೆಗೆ 0.9 ಗಿಗಾಬೈಟ್. ನಾನೂರು ಮಂದಿ ತಲಾ ಮೂರು ಗಂಟೆ ನೋಡಿದರೆ 1,200 ಗಂಟೆ, ಅಂದರೆ 1,080 ಗಿಗಾಬೈಟ್. ಗಿಗಾಬೈಟಿಗೆ 8 ರೂಪಾಯಿಯಂತೆ 8,640 ರೂಪಾಯಿ. ನಾಲ್ಕು ಸಾವಿರ ಮಂದಿಗೆ 86,400 ರೂಪಾಯಿ. ಮೇಲಿನ ಉತ್ತರದಲ್ಲಿ ಕಂಡಂತೆ ಟ್ರಾನ್ಸ್‌ಕೋಡಿಂಗ್ ಮಾತ್ರ 1,800 ರೂಪಾಯಿಯಲ್ಲೇ ನಿಂತಿರುತ್ತದೆ. ದಿಬ್ಬಣದ ಬಸ್ಸಿನ ಬಾಡಿಗೆ ಒಂದು ಬಗೆಯದಾದರೆ ಇದು ತಲೆಗೊಂದರಂತೆ ಕೊಳ್ಳುವ ಟಿಕೆಟ್ಟು.

ಹೀಗಾಗಿ ಮೇಲ್ದರ್ಜೆಯನ್ನು ಕೊಡಬೇಕೇ ಬೇಡವೇ ಎಂಬುದನ್ನು ಟ್ರಾನ್ಸ್‌ಕೋಡಿಂಗ್ ದರದಿಂದ ನಿರ್ಧರಿಸಬಾರದು. ನಾನಿಟ್ಟುಕೊಂಡ ದರದಲ್ಲಿ 1080ರ ದರ್ಜೆಯನ್ನು ತೆಗೆದರೆ ಒಂಬತ್ತು ಗಂಟೆಗೆ ಉಳಿಯುವುದು 540 ರೂಪಾಯಿ. ಆದರೆ ಅದೇ ನಾನೂರು ಮಂದಿಯೂ 5 ಮೆಗಾಬಿಟ್ಟಿನ ಆ ದರ್ಜೆಯಲ್ಲೇ ನೋಡಿದರೆ ಗಂಟೆಗೆ 2.25 ಗಿಗಾಬೈಟಿನಂತೆ 2,700 ಗಿಗಾಬೈಟ್ ಆಗಿ ವಿತರಣೆಯ ಬಿಲ್ಲು 8,640ರಿಂದ 21,600ಕ್ಕೆ ಏರುತ್ತದೆ. ಬಹುಪಾಲು ಜನ ಅಂಗೈಯಗಲದ ಪರದೆಯಲ್ಲಿ ನೋಡುವ ಕಾರ್ಯಕ್ರಮಕ್ಕೆ 720 ಸಾಕು. ದೂರದರ್ಶನದ ಪರದೆಗೆ ಹಾಕಿ ಮನೆಮಂದಿಯೆಲ್ಲ ಕುಳಿತು ನೋಡುವವರು ಬಹಳವಿದ್ದಾರೆಂದು ಗೊತ್ತಿದ್ದರೆ ಮಾತ್ರ 1080 ಕೊಡಿ.

ಗಿಗಾಬೈಟಿನ ಗೊಡವೆಯೇ ಬೇಡವೆನ್ನುವವರಿಗೆ ನಿಮಿಷದ ಲೆಕ್ಕದ ಸೇವೆಗಳೂ ಇವೆ. ಕ್ಲೌಡ್‌ಫ್ಲೇರ್ ಸ್ಟ್ರೀಮ್ ಸೇವೆಯು ಟ್ರಾನ್ಸ್‌ಕೋಡಿಂಗಿಗೆ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳದೆ, ಜನ ನೋಡಿದ ಪ್ರತಿ 1,000 ನಿಮಿಷಕ್ಕೆ 1 ಡಾಲರ್, ದಾಖಲಿಸಿ ಇಟ್ಟ ಪ್ರತಿ 1,000 ನಿಮಿಷಕ್ಕೆ 5 ಡಾಲರ್ ಎಂಬ ದರವನ್ನು ಪ್ರಕಟಿಸಿದೆ. ಮೇಲಿನ 1,200 ಗಂಟೆ ಅಲ್ಲಿ 72,000 ನಿಮಿಷವಾಗಿ, ನೋಡಿದ್ದಕ್ಕೆ 72 ಡಾಲರ್ ಆಗುತ್ತದೆ, ಯಾವ ದರ್ಜೆಯಲ್ಲಿ ನೋಡಿದರೂ ಅಷ್ಟೆ. ಪ್ರೇಕ್ಷಕರು ಎಷ್ಟು ಬರುತ್ತಾರೆಂದು ಅಂದಾಜು ಮಾಡಬಲ್ಲ, ಆದರೆ ತಾಂತ್ರಿಕ ಗೊಂದಲ ಬೇಡವೆನ್ನುವ ಸಂಘಗಳಿಗೆ ನಾನು ಇಂತಹ ಸರಳ ದರವನ್ನೇ ಸೂಚಿಸುತ್ತೇನೆ.

ಪ್ರಶ್ನೆ: ಚಾನೆಲ್ ರಚಿಸುವಾಗ ಕೋಡೆಕ್, ಸೆಕೆಂಡಿಗೆ 25 ಅಥವಾ 50 ಚೌಕಟ್ಟು, ಒಂದು ಪೈಪ್‌ಲೈನ್ ಅಥವಾ ಎರಡು ಪೈಪ್‌ಲೈನ್ ಎಂದೆಲ್ಲ ಆಯ್ಕೆಗಳು ಬರುತ್ತವೆ. ಇವುಗಳಲ್ಲಿ ಯಾವುದು ಬಿಲ್ಲನ್ನು ಏರಿಸುತ್ತದೆ?
ಓದುಗರು, ಪುತ್ತೂರು

ಉತ್ತರ: ಎಲ್ಲವೂ ಏರಿಸುತ್ತವೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಯಂತ್ರಕ್ಕೆ ಕೆಲಸ ಹೆಚ್ಚಾದಷ್ಟೂ ದರ ಹೆಚ್ಚೆಂಬುದು ಮೂಲತತ್ವವಾದರೂ ದರಪಟ್ಟಿಯಲ್ಲಿ ಅದನ್ನು ಕೆಲವೇ ವರ್ಗಗಳಾಗಿ ಒಡೆದಿರುತ್ತಾರೆ. ಉದಾಹರಣೆಗೆ 1080ರ ಚಿತ್ರದಲ್ಲಿ 20,73,600 ಚುಕ್ಕಿಗಳಿದ್ದರೆ 720ರದರಲ್ಲಿ 9,21,600 ಮಾತ್ರ ಇವೆ, ಅರ್ಧಕ್ಕಿಂತಲೂ ಕಡಿಮೆ. ಆದರೂ ಮೀಡಿಯಾಲೈವ್‌ನಲ್ಲಿ ಎರಡೂ ಎಚ್‌ಡಿ ವರ್ಗಕ್ಕೇ ಸೇರುತ್ತವೆ. 720ಕ್ಕಿಂತ ಕೆಳಗಿಳಿದರೆ ಮಾತ್ರ ಎಸ್‌ಡಿ ದರ. ಎರಡು ಎಚ್‌ಡಿ, ಎರಡು ಎಸ್‌ಡಿ ಬದಲು 720ರದೊಂದು, 540ರದೊಂದು, 360ರದೊಂದು ಎಂದು ಮೂರೇ ದರ್ಜೆ ಮಾಡಿದರೆ ನನ್ನ ಲೆಕ್ಕದ ದರದಲ್ಲಿ ಗಂಟೆಗೆ 200ರ ಬದಲು 140 ರೂಪಾಯಿ ಆಗುತ್ತದೆ, ನೋಡುವವರಿಗೆ ದೊಡ್ಡ ನಷ್ಟವೇನೂ ಆಗುವುದಿಲ್ಲ.

ಚೌಕಟ್ಟಿನ ವಿಷಯದಲ್ಲಿ ಸೆಕೆಂಡಿಗೆ 30ರವರೆಗೆ ಒಂದು ದರ, ಅದರ ಮೇಲೆ ಇನ್ನೊಂದು ದರ ಎಂಬ ವಿಂಗಡಣೆ ಇರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ರಂಗದ ದೀಪಗಳ ಮಿನುಗು ಕ್ಯಾಮೆರಾದಲ್ಲಿ ಕಾಣದಿರಲು 25 ಅಥವಾ 50 ಚೌಕಟ್ಟುಗಳೇ ಹೊಂದುತ್ತವೆ, ಮತ್ತು 25 ಇಟ್ಟರೆ ನೀವು ಕೆಳಗಿನ ದರದಲ್ಲೇ ಉಳಿಯುತ್ತೀರಿ. ತೆಂಕುತಿಟ್ಟಿನ ದಿಗಿಣ 50ರಲ್ಲಿ ಹೆಚ್ಚು ನಯವಾಗಿ ಕಾಣುತ್ತದೆಂಬುದು ನಿಜ. ಆ ನಯ ಬೇಕೆನಿಸಿದರೆ ಮೇಲಿನ ಒಂದು ದರ್ಜೆಗೆ ಮಾತ್ರ 50 ಇಟ್ಟು ಉಳಿದವಕ್ಕೆ 25 ಇಡಬಹುದು.

ವಿಡಿಯೊವನ್ನು ಕುಗ್ಗಿಸಿ ಕಟ್ಟುವ ವಿಧಾನಗಳಾದ ಕೋಡೆಕ್‌ಗಳಲ್ಲಿ 2003ರ ಎಚ್.264 ಅಗ್ಗ, ಮತ್ತು ಹಳೆಯ ಫೋನುಗಳಲ್ಲೂ ತೆರೆದುಕೊಳ್ಳುತ್ತದೆ. 2013ರ ಎಚ್‌ಇವಿಸಿ ಅದೇ ಗುಣಮಟ್ಟವನ್ನು ಕಡಿಮೆ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಕಡಿಮೆ ಮೆಗಾಬಿಟ್‌ನಲ್ಲಿ) ಕೊಡುವುದರಿಂದ ವಿತರಣೆಯಲ್ಲಿ ಉಳಿತಾಯವಾಗುತ್ತದೆ, ಆದರೆ ಅದನ್ನು ಕಟ್ಟಲು ಯಂತ್ರ ಹೆಚ್ಚು ದುಡಿಯಬೇಕಾದ್ದರಿಂದ ಗಂಟೆಯ ದರ ಹೆಚ್ಚು. ಪ್ರೇಕ್ಷಕರು ಸಾವಿರಗಟ್ಟಲೆ ಇದ್ದಾಗಷ್ಟೇ ಈ ವಿನಿಮಯ ಲಾಭದ್ದಾಗುತ್ತದೆ.

ಪೈಪ್‌ಲೈನಿನ ಆಯ್ಕೆಯನ್ನು ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಎರಡು ಪೈಪ್‌ಲೈನ್ ಎಂದರೆ ಇಡೀ ಕೆಲಸವನ್ನು ಎರಡು ಬೇರೆ ಕಡೆ ಏಕಕಾಲದಲ್ಲಿ ಮಾಡುವುದು. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ಶುಲ್ಕವೂ ಗಣನೀಯವಾಗಿ ಏರುತ್ತದೆ. ಹಲವೆಡೆ ಇದೇ ಪೂರ್ವನಿಗದಿತ ಆಯ್ಕೆಯಾಗಿರುವುದರಿಂದ ಗಮನಿಸದೆ ಮುಂದೆ ಹೋದವರಿಗೆ ದೊಡ್ಡ ಬಿಲ್ಲು ಬರುತ್ತದೆ. ಕ್ರಿಕೆಟ್ ಪಂದ್ಯ ತೋರಿಸುವ ವಾಹಿನಿಗೆ ಇದು ಬೇಕೇ ಬೇಕು. ಆದರೆ ಗದ್ದೆಯ ನಡುವಿನ ರಂಗಸ್ಥಳದಿಂದ ಒಂದೇ ಲ್ಯಾಪ್‌ಟಾಪ್, ಒಂದೇ ಸಿಮ್ಮಿನ ಡಾಂಗಲ್ ಇಟ್ಟುಕೊಂಡು ಪ್ರಸಾರ ಮಾಡುವವರಿಗೆ ಕೆಡುವುದು ಮುಂಬಯಿಯ ದತ್ತಾಂಶ ಕೇಂದ್ರವಲ್ಲ, ಗದ್ದೆಯ ಸಿಗ್ನಲ್. ಎರಡನೆಯ ಪೈಪ್‌ಲೈನಿಗೆ ಕೊಡುವ ಹಣದಲ್ಲಿ ಬೇರೆ ಕಂಪನಿಯ ಇನ್ನೊಂದು ಸಿಮ್ ಕೊಂಡು ಜೋಡಿಸಿ. ಆಟ ನಿಜವಾಗಿಯೂ ಉಳಿಯುವುದು ಅದರಿಂದ.

ತಾಳಮದ್ದಳೆ ಪ್ರಸಾರ ಮಾಡುವವರಿಗೆ ಇನ್ನೊಂದು ಮಾತು. ಧ್ವನಿ ಮಾತ್ರ ಇರುವ ಔಟ್‌ಪುಟ್ಟಿಗೆ ವಿಡಿಯೊ ಔಟ್‌ಪುಟ್ಟಿಗಿಂತ ಬಹಳ ಕಡಿಮೆ ದರವಿರುತ್ತದೆ, ವಿತರಣೆಯಲ್ಲೂ ಅದು ನಗಣ್ಯ. ಅರ್ಥಗಾರಿಕೆ ಕೇಳಲೆಂದೇ ಬರುವವರು ಸಿಗ್ನಲ್ ಇಲ್ಲದ ಕಡೆ ಅದನ್ನೇ ಆಯ್ದುಕೊಳ್ಳುತ್ತಾರೆ. ಒಂದು ದರ್ಜೆಯನ್ನು ಹಾಗೆ ಇಡಿ.

ಪ್ರಶ್ನೆ: ನಮ್ಮದು ಇಪ್ಪತ್ತನಾಲ್ಕು ಗಂಟೆಯ ಸ್ಥಳೀಯ ಕೇಬಲ್ ವಾಹಿನಿ. ಕ್ಲೌಡ್ ಸೇವೆಯವರು ಒಂದು ವರ್ಷದ ಒಪ್ಪಂದ ಮಾಡಿಕೊಂಡರೆ ರಿಯಾಯಿತಿ ಎನ್ನುತ್ತಾರೆ. ನಮ್ಮ ತಾಂತ್ರಿಕ ಸಿಬ್ಬಂದಿ ಎಫ್‌ಎಫ್‌ಎಂಪೆಗ್ ಹಾಕಿ ನಾವೇ ಮಾಡೋಣ ಎನ್ನುತ್ತಾರೆ. ಯಾವುದು ಲೇಸು?
ಓದುಗರು, ಹುಬ್ಬಳ್ಳಿ

ಉತ್ತರ: ತಿಂಗಳಿಗೆ 720 ಗಂಟೆ ಎಂದರೆ ಗಂಟೆಗೆ 200 ರೂಪಾಯಿಯಂತೆ 1,44,000 ರೂಪಾಯಿ. ಇಷ್ಟು ದೊಡ್ಡ ಮೊತ್ತಕ್ಕೆ ವರ್ಷದ ಒಪ್ಪಂದ ಯೋಗ್ಯವಾದದ್ದೇ. ಆದರೆ ಮೀಡಿಯಾಲೈವ್ ಮಾದರಿಯ ಹನ್ನೆರಡು ತಿಂಗಳ ಮುಂಗಡ ಕಾದಿರಿಸುವಿಕೆಯಲ್ಲಿ ನೀವು ಬಳಸಿದರೂ ಬಳಸದಿದ್ದರೂ ಹಣ ಕಟ್ಟಬೇಕು. ಅದೂ ಅಲ್ಲದೆ ಅದು ನಿರ್ದಿಷ್ಟ ಕೋಡೆಕ್, ನಿರ್ದಿಷ್ಟ ದರ್ಜೆ, ನಿರ್ದಿಷ್ಟ ಪ್ರದೇಶಕ್ಕೆ ಕಟ್ಟುಬಿದ್ದಿರುತ್ತದೆ. ಆರು ತಿಂಗಳ ನಂತರ ಎಚ್.264 ಬಿಟ್ಟು ಎಚ್‌ಇವಿಸಿಗೆ ಹೋಗೋಣ ಎಂದರೆ ಹಳೆಯ ಒಪ್ಪಂದದ ಹಣವೂ ಹೋಗುತ್ತದೆ, ಹೊಸದಕ್ಕೆ ಪೂರ್ಣ ದರವೂ ಬೀಳುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳು ಒಪ್ಪಂದವಿಲ್ಲದೆ ನಡೆಸಿ, ದರ್ಜೆಗಳು ಸ್ಥಿರವಾದ ಮೇಲೆ ಸಹಿ ಹಾಕಿ.

ನಿಮ್ಮ ಸಿಬ್ಬಂದಿಯ ಸಲಹೆಯೂ ತಳ್ಳಿಹಾಕುವಂಥದ್ದಲ್ಲ. ಎಫ್‌ಎಫ್‌ಎಂಪೆಗ್ ಟ್ರಾನ್ಸ್‌ಕೋಡಿಂಗ್ ಮಾಡುವ ಉಚಿತ ತಂತ್ರಾಂಶ, ನೀವು ಕೊಡುವುದು ಯಂತ್ರದ ಬಾಡಿಗೆ ಮಾತ್ರ. ಹಗಲುರಾತ್ರಿ ಒಂದೇ ಬಗೆಯ ಕೆಲಸವಿರುವ ನಿಮ್ಮಂಥ ವಾಹಿನಿಗೆ ಸ್ವಂತ ಕೊಠಡಿಯಲ್ಲಿ ವಿಡಿಯೊ ಕಟ್ಟುವ ಎನ್‌ಕೋಡರ್ ಯಂತ್ರ ಇಡುವುದೇ ಬಹುತೇಕ ಅಗ್ಗ. ಆದರೆ ರಾತ್ರಿ ಎರಡು ಗಂಟೆಗೆ ಚಿತ್ರ ನಿಂತರೆ ಎದ್ದು ಬಂದು ನೋಡುವವರು ಯಾರು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿರಬೇಕು, ಮತ್ತು ಅವರ ಸಂಬಳವನ್ನು ಲೆಕ್ಕಕ್ಕೆ ಸೇರಿಸಬೇಕು. ಅಗ್ಗವೆಂದು ಅಮೆಜಾನಿನ ‘ಸ್ಪಾಟ್’ ಯಂತ್ರಗಳನ್ನು (ಬಳಕೆಯಾಗದೆ ಉಳಿದ, ಕಡಿಮೆ ಬಾಡಿಗೆಗೆ ಕೊಡುವ ಯಂತ್ರಗಳನ್ನು) ನೇರ ಪ್ರಸಾರಕ್ಕೆ ಬಳಸಬೇಡಿ. ಎರಡೇ ನಿಮಿಷದ ಮುನ್ಸೂಚನೆ ಕೊಟ್ಟು ಅವುಗಳನ್ನು ಹಿಂತೆಗೆದುಕೊಳ್ಳುವ ಹಕ್ಕು ಕಂಪನಿಗಿದೆ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ರಾಜ್ಯೋತ್ಸವವನ್ನು ಊರಿನಲ್ಲಿರುವ ತಂದೆತಾಯಿಗಳಿಗೂ ತೋರಿಸುವ ಆಸೆ. ಯಾವ ದೇಶದ ದರ ಬೀಳುತ್ತದೆ?
ಓದುಗರು, ಟೆಕ್ಸಾಸ್

ಉತ್ತರ: ಎರಡೂ. ಟ್ರಾನ್ಸ್‌ಕೋಡಿಂಗಿಗೆ ಚಾನೆಲ್ ಯಾವ ಪ್ರದೇಶದ ದತ್ತಾಂಶ ಕೇಂದ್ರದಲ್ಲಿದೆಯೋ ಅಲ್ಲಿಯ ದರ. ವಿತರಣೆಗೆ ನೋಡುವವರು ಎಲ್ಲಿ ಕುಳಿತಿದ್ದಾರೋ ಅಲ್ಲಿಯ ದರ. ಅಮೆಜಾನಿನ ವಿತರಣಾ ಜಾಲವಾದ ಕ್ಲೌಡ್‌ಫ್ರಂಟ್‌ನ ಗಿಗಾಬೈಟ್ ದರಪಟ್ಟಿಯಲ್ಲಿ ಉತ್ತರ ಅಮೆರಿಕದವರಿಗೆ ಕಳುಹಿಸುವುದಕ್ಕಿಂತ ಭಾರತದವರಿಗೆ ಕಳುಹಿಸುವುದು ದುಬಾರಿ. ಕ್ಯಾಮೆರಾ ಟೆಕ್ಸಾಸಿನಲ್ಲಿರುವುದರಿಂದ ಚಾನೆಲನ್ನು ಅಮೆರಿಕದ ಪ್ರದೇಶದಲ್ಲೇ ರಚಿಸಿ. ನಿಮ್ಮಿಂದ ಹೋಗುವ ಒಂದೇ ಪ್ರವಾಹ ಸಮುದ್ರ ದಾಟಿ ಕಡಿಯುವುದಕ್ಕಿಂತ, ಕಟ್ಟಿದ ತುಣುಕುಗಳು ವಿತರಣಾ ಜಾಲದಲ್ಲಿ ಸಾಗುವುದು ಸುರಕ್ಷಿತ. ಟಿಕೆಟ್ ಇಲ್ಲದ, ಎಲ್ಲರಿಗೂ ತೆರೆದ ಕಾರ್ಯಕ್ರಮವಾದರೆ ಇದ್ಯಾವುದೂ ಬೇಡ. ಯೂಟ್ಯೂಬಿನ ನೇರ ಪ್ರಸಾರದಲ್ಲಿ ದರ್ಜೆಗಳನ್ನು ಕಟ್ಟುವುದಕ್ಕೂ ತಲುಪಿಸುವುದಕ್ಕೂ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಊರಿನ ಹಿರಿಯರಿಗೂ ಅದು ಪರಿಚಿತ.

ಪ್ರಶ್ನೆ: ಒಂದನೆಯ ತಾರೀಕಿನ ಬೆಳಗಿನ ಜಾವ ಮೂರು ಗಂಟೆಗೆ ನಡೆದ ಪ್ರಸಾರದ ಹಣ ಹಿಂದಿನ ತಿಂಗಳ ಬಿಲ್ಲಿನಲ್ಲಿ ಬಂದಿದೆ. ಮೊತ್ತವೂ ದರಪಟ್ಟಿಯ ಲೆಕ್ಕಕ್ಕಿಂತ ಹೆಚ್ಚಿದೆ. ತಪ್ಪಾಗಿದೆಯೇ?
ಓದುಗರು, ಮೈಸೂರು

ಉತ್ತರ: ಮೊದಲನೆಯದು ತಪ್ಪಲ್ಲ. ಅಮೆಜಾನ್ ಮೊದಲಾದವರು ತಿಂಗಳನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಕಾಲಮಾನದಲ್ಲಿ ಎಣಿಸುತ್ತಾರೆ. ನಮ್ಮ ಗಡಿಯಾರದಲ್ಲಿ ಅವರ ಹೊಸ ತಿಂಗಳು ಹುಟ್ಟುವುದು ಒಂದನೆಯ ತಾರೀಕು ಬೆಳಿಗ್ಗೆ 5.30ಕ್ಕೆ. ಎರಡನೆಯದಕ್ಕೆ ಕಾರಣ ತೆರಿಗೆ ಇರಬಹುದು. ದರಪಟ್ಟಿಯಲ್ಲಿ ಕಾಣುವುದು ತೆರಿಗೆಯಿಲ್ಲದ ದರ. ಭಾರತದ ಬಿಲ್ಲಿನಲ್ಲಿ ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ನಿಮ್ಮ ಮೊತ್ತವನ್ನು 1.18ರಿಂದ ಭಾಗಿಸಿ ನೋಡಿ. ಆಗಲೂ ತಾಳೆಯಾಗದಿದ್ದರೆ ವಿತರಣೆಯ ಸಾಲನ್ನೂ, ನಿಲ್ಲಿಸದೆ ಉಳಿದಿರುವ ಚಾನೆಲ್ ಯಾವುದಾದರೂ ಇದೆಯೇ ಎಂಬುದನ್ನೂ ಇಂದೇ ಪರಿಶೀಲಿಸಿ.